ನಿರ್ನಾಳ ಗ್ರಂಥಿಗಳ ವ್ಯಾಧಿ: ಔಷಧೋಪಚಾರ ಮತ್ತು ನಾಯಿಯ ಆಯುಷ್ಯ

ಪೀಠಿಕೆ

ಮಾನವನ ಸಹವಾಸವನ್ನು ಉಳಿದೆಲ್ಲ ಪ್ರಾಣಿಗಳಿಗಿಂತ ಮೊದಲು ಒಪ್ಪಿಕೊಂಡ ಪ್ರಾಣಿ ನಾಯಿ. ಹಟ್ಟಿಯನ್ನು ಕಾಯುವುದು, ಕುರಿಮಂದೆಯನ್ನು ನಡೆಸುವುದು, ಬೇಟೆಯಲ್ಲಿ ಜತೆಗೂಡುವುದು, ಮನೆಯ ಮಕ್ಕಳೊಡನೆ ಆಡುವುದು, ಹೀಗೆ ಸಾವಿರಾರು ವರ್ಷಗಳಿಂದ ಅದು ಮನುಷ್ಯನ ಬಾಳಿನೊಡನೆ ಹೆಣೆದುಕೊಂಡು ಬಂದಿದೆ. ಸುಖವನ್ನಷ್ಟೇ ಅಲ್ಲ, ಅವನ ವ್ಯಾಧಿಗಳನ್ನೂ ಅದು ಹಂಚಿಕೊಂಡಿದೆ. ಸಿಹಿಮೂತ್ರ ರೋಗ, ಥೈರಾಯಿಡ್ ಗ್ರಂಥಿಯ ಕೊರತೆ, ಅಡ್ರಿನಲ್ ಗ್ರಂಥಿಯ ಅತಿಸ್ರಾವ ಮತ್ತು ಅಲ್ಪಸ್ರಾವ ಇವೆಲ್ಲವೂ ಮನುಷ್ಯನಿಗೆ ಬರುವಂತೆಯೇ ನಾಯಿಗೂ ಬರುತ್ತವೆ.

ಇಂಥ ವ್ಯಾಧಿಗೆ ತುತ್ತಾದ ನಾಯಿಯನ್ನು ಪಶುವೈದ್ಯರ ಬಳಿಗೆ ಕರೆದೊಯ್ದ ಯಜಮಾನನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: “ಇದು ವಾಸಿಯಾಗುವುದೇ?” “ಔಷಧಿ ಕೊಟ್ಟರೆ ಎಷ್ಟು ದಿನ ಬದುಕೀತು?” ಮೊದಲನೆಯ ಪ್ರಶ್ನೆಗೆ ವೈದ್ಯರ ಉತ್ತರ ಬಹುಮಟ್ಟಿಗೆ ಒಂದೇ. ಪೂರ್ಣ ವಾಸಿಯಾಗುವುದು ಅಪರೂಪ, ಆದರೆ ಹತೋಟಿಯಲ್ಲಿಡಬಹುದು. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಆ ಉತ್ತರವನ್ನು ವಿಜ್ಞಾನವು ಹೇಗೆ ಹುಡುಕಿತು, ಹುಡುಕಿದ ಉತ್ತರವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಾಯಿಗಳಲ್ಲಿ ವಿಶೇಷವಾಗಿ ಕಂಡುಬರುವ ಕುಷಿಂಗ್ ವ್ಯಾಧಿಯನ್ನು ಇಲ್ಲಿ ಮುಖ್ಯ ಉದಾಹರಣೆಯಾಗಿ ಆರಿಸಿಕೊಳ್ಳಲಾಗಿದೆ.

ಹಾರ್ಮೋನು ಎಂದರೇನು?

ದೇಹದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಜೊಲ್ಲುಗ್ರಂಥಿಯಂಥವು ತಮ್ಮ ರಸವನ್ನು ನಾಳದ ಮೂಲಕ ಹೊರಕ್ಕೆ ಬಿಡುತ್ತವೆ. ಇನ್ನು ಕೆಲವಕ್ಕೆ ನಾಳಗಳೇ ಇಲ್ಲ. ಅವುಗಳ ರಸ ನೇರವಾಗಿ ರಕ್ತದಲ್ಲಿ ಸೇರಿ ದೂರದ ಅಂಗಗಳನ್ನು ಮುಟ್ಟಿ ಅವುಗಳ ಕಾರ್ಯವನ್ನು ಪ್ರಚೋದಿಸುತ್ತದೆ ಅಥವಾ ತಡೆಯುತ್ತದೆ. ಇವೇ ನಿರ್ನಾಳ ಗ್ರಂಥಿಗಳು. ಅವುಗಳ ರಸಕ್ಕೆ ಹಾರ್ಮೋನು ಎಂದು ಹೆಸರು.

ಈ ಅರಿವು ಮೂಡಿದ್ದೇ ನಾಯಿಯ ದೆಸೆಯಿಂದ ಎಂದರೆ ತಪ್ಪಾಗದು. ೧೯೦೨ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರವಿಜ್ಞಾನಿಗಳು ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣಕರುಳಿನ ಒಂದು ಭಾಗದ ನರಗಳನ್ನು ಕತ್ತರಿಸಿ, ಅದರೊಳಗೆ ಆಮ್ಲವನ್ನು ಹಾಕಿದರು. ನರಸಂಬಂಧ ತಪ್ಪಿದ್ದರೂ ಮೇದೋಜೀರಕಾಂಗದಿಂದ ರಸ ಸ್ರವಿಸಿತು. ಕರುಳಿನ ಸಂದೇಶವನ್ನು ಅಲ್ಲಿಗೆ ಒಯ್ದದ್ದು ನರವಲ್ಲ, ರಕ್ತದಲ್ಲಿ ಬೆರೆತ ಒಂದು ರಾಸಾಯನಿಕ ಎಂಬುದು ಇದರಿಂದ ಸಿದ್ಧವಾಯಿತು. ೧೯೦೫ರಲ್ಲಿ ಸ್ಟಾರ್ಲಿಂಗರು ಇಂಥ ದ್ರವ್ಯಗಳಿಗೆ ‘ಹಾರ್ಮೋನು’ ಎಂಬ ಪದವನ್ನು ಬಳಸಿದರು. ಗ್ರೀಕ್ ಮೂಲದ ಆ ಪದಕ್ಕೆ ಚೋದಿಸುವುದು, ಎಚ್ಚರಿಸುವುದು ಎಂಬ ಅರ್ಥವಿದೆ.

ಅಡ್ರಿನಲ್ ಗ್ರಂಥಿಯ ಕಾರ್ಯ

ಎರಡು ಮೂತ್ರಪಿಂಡಗಳ ಪಕ್ಕದಲ್ಲಿ ಒಂದೊಂದರಂತೆ ಎರಡು ಅಡ್ರಿನಲ್ ಗ್ರಂಥಿಗಳಿವೆ. ಗಾತ್ರದಲ್ಲಿ ತೀರ ಚಿಕ್ಕವು, ಕಾರ್ಯದಲ್ಲಿ ಪ್ರಾಣಾಧಾರವಾದವು. ಇವುಗಳ ಹೊರಪದರದಿಂದ ಮುಖ್ಯವಾಗಿ ಎರಡು ಹಾರ್ಮೋನುಗಳು ಬರುತ್ತವೆ. ಒಂದು ಕಾರ್ಟಿಸಾಲ್. ಹಸಿವು, ಬೇನೆ, ಭಯ, ಆಯಾಸ ಮುಂತಾದ ಸಂಕಟಕಾಲದಲ್ಲಿ ದೇಹಕ್ಕೆ ಸಕ್ಕರೆಯನ್ನು ಒದಗಿಸಿ, ರಕ್ತದ ಒತ್ತಡವನ್ನು ಕಾಪಾಡಿ, ಉರಿಯೂತವನ್ನು ಅಡಗಿಸುವುದು ಇದರ ಕೆಲಸ. ಇನ್ನೊಂದು ಆಲ್ಡೊಸ್ಟೆರೋನ್. ರಕ್ತದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಸಮತೋಲವನ್ನು ಇದು ನೋಡಿಕೊಳ್ಳುತ್ತದೆ.

ಕಾರ್ಟಿಸಾಲ್ ಎಷ್ಟು ಬೇಕೆಂಬುದನ್ನು ಅಡ್ರಿನಲ್ ಗ್ರಂಥಿ ತಾನಾಗಿ ತೀರ್ಮಾನಿಸುವುದಿಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಮೂಲಕ ಅದಕ್ಕೆ ಅಪ್ಪಣೆ ಕೊಡುತ್ತದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟು ಏರಿದೊಡನೆ ಪಿಟ್ಯೂಟರಿಯು ತನ್ನ ಅಪ್ಪಣೆಯನ್ನು ತಗ್ಗಿಸುತ್ತದೆ. ಕೆರೆ ತುಂಬಿದೊಡನೆ ತೂಬನ್ನು ಮುಚ್ಚುವ ನೀರುಗಂಟಿಯ ಕೆಲಸದಂತೆ ಈ ವ್ಯವಸ್ಥೆ ಆರೋಗ್ಯವಂತ ದೇಹದಲ್ಲಿ ಹಗಲಿರುಳೂ ನಡೆಯುತ್ತಿರುತ್ತದೆ.

ಕುಷಿಂಗ್ ವ್ಯಾಧಿಯ ಕಾರಣ ಮತ್ತು ಲಕ್ಷಣಗಳು

ಈ ಹತೋಟಿ ತಪ್ಪಿ ಕಾರ್ಟಿಸಾಲ್ ಬಹುಕಾಲ ಮಿತಿಮೀರಿ ಸ್ರವಿಸಿದಾಗ ಬರುವುದೇ ಕುಷಿಂಗ್ ವ್ಯಾಧಿ. ಅಮೆರಿಕೆಯ ಪ್ರಸಿದ್ಧ ಮಿದುಳು ಶಸ್ತ್ರವೈದ್ಯ ಹಾರ್ವೆ ಕುಷಿಂಗರು ೧೯೧೨ರಲ್ಲಿ ಮನುಷ್ಯರಲ್ಲಿ ಇದರ ಚಿತ್ರವನ್ನು ವಿವರಿಸಿ, ೧೯೩೨ರಲ್ಲಿ ಪಿಟ್ಯೂಟರಿಯ ಸಣ್ಣ ಗಡ್ಡೆಗೂ ಇದಕ್ಕೂ ಇರುವ ಸಂಬಂಧವನ್ನು ಎತ್ತಿ ತೋರಿಸಿದರು. ಮನುಷ್ಯರಲ್ಲಿ ಈ ವ್ಯಾಧಿ ಅಪರೂಪ. ನಾಯಿಗಳಲ್ಲಾದರೋ ವಯಸ್ಸು ಮೀರಿದವುಗಳಿಗೆ ಬರುವ ನಿರ್ನಾಳ ಗ್ರಂಥಿಗಳ ವ್ಯಾಧಿಗಳ ಪೈಕಿ ಇದು ಪ್ರಮುಖವಾದುದು. ಪೂಡಲ್, ಡ್ಯಾಷ್‌ಹಂಡ್, ಬಾಕ್ಸರ್ ಮತ್ತು ಟೆರಿಯರ್ ತಳಿಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಕಾರಣಗಳನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು, ಪಿಟ್ಯೂಟರಿಯಲ್ಲಿ ಬೆಳೆಯುವ ಗಡ್ಡೆ. ನಾಯಿಗಳಲ್ಲಿ ತಾನಾಗಿ ಬರುವ ಕುಷಿಂಗ್ ವ್ಯಾಧಿಯಲ್ಲಿ ನೂರಕ್ಕೆ ೮೦ರಿಂದ ೮೫ ಪಾಲು ಈ ಬಗೆಯದು. ಗಡ್ಡೆ ಬಹುಮಟ್ಟಿಗೆ ಅತಿ ಸಣ್ಣದು. ಆದರೆ ಅಪ್ಪಣೆಯನ್ನು ನಿಲ್ಲಿಸದೆ ಕೊಡುತ್ತಲೇ ಇರುತ್ತದೆ.

ಎರಡನೆಯದು, ಅಡ್ರಿನಲ್ ಗ್ರಂಥಿಯಲ್ಲಿಯೇ ಬೆಳೆಯುವ ಗಡ್ಡೆ. ಉಳಿದ ೧೫ರಿಂದ ೨೦ ಪಾಲು ಇದರದು. ಇವುಗಳಲ್ಲಿ ಸುಮಾರು ಅರ್ಧದಷ್ಟು ಅರ್ಬುದ ಸ್ವರೂಪದವು, ಎಂದರೆ ಬೇರೆ ಅಂಗಗಳಿಗೆ ಹರಡಬಲ್ಲವು.

ಮೂರನೆಯದು ಮನುಷ್ಯನೇ ತಂದಿಡುವ ವ್ಯಾಧಿ. ತುರಿಕೆಗೋ ಕಜ್ಜಿಗೋ ಎಂದು ಪ್ರೆಡ್ನಿಸೊಲೋನ್‌ನಂಥ ಸ್ಟಿರಾಯಿಡ್ ಔಷಧಿಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ಇದೇ ಲಕ್ಷಣಗಳು ತಲೆದೋರುತ್ತವೆ. ಆಗ ನಾಯಿಯ ಸ್ವಂತ ಅಡ್ರಿನಲ್ ಗ್ರಂಥಿಗಳು ಕೆಲಸವಿಲ್ಲದೆ ಸೊರಗಿರುತ್ತವೆ. ಆದುದರಿಂದ ಇಂಥ ಔಷಧಿಯನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ಕ್ರಮಕ್ರಮವಾಗಿ ಇಳಿಸಬೇಕು.

ಲಕ್ಷಣಗಳು ಮೆಲ್ಲಮೆಲ್ಲನೆ ಬರುವುದರಿಂದ ಮನೆಯವರು ಅವನ್ನು ಮುಪ್ಪಿನ ಚಿಹ್ನೆಗಳೆಂದೇ ಭಾವಿಸುವುದುಂಟು. ನಾಯಿ ವಿಪರೀತ ನೀರು ಕುಡಿಯುತ್ತದೆ. ದಿನಕ್ಕೆ ದೇಹತೂಕದ ಒಂದು ಕಿಲೋಗೆ ೧೦೦ ಮಿಲಿಲೀಟರನ್ನು ಮೀರಿದರೆ, ಎಂದರೆ ಹತ್ತು ಕಿಲೋ ತೂಕದ ನಾಯಿ ಒಂದು ಲೀಟರಿಗಿಂತ ಹೆಚ್ಚು ಕುಡಿದರೆ, ಅದು ಸಹಜವಲ್ಲ. ನೀರಿಗೆ ತಕ್ಕಂತೆ ಮೂತ್ರವೂ ಹೆಚ್ಚುತ್ತದೆ. ಎಂದೂ ಮನೆಯೊಳಗೆ ಗಲೀಜು ಮಾಡದ ನಾಯಿ ರಾತ್ರಿ ಮಾಡಿಬಿಡುತ್ತದೆ. ಹಸಿವು ತಣಿಯುವುದೇ ಇಲ್ಲ. ಹೊಟ್ಟೆ ಜೋಲುತ್ತದೆ, ಕಾಲುಗಳ ಮಾಂಸಖಂಡ ಕರಗುತ್ತದೆ, ಮೈಯ ಎರಡೂ ಪಕ್ಕಗಳಲ್ಲಿ ಒಂದೇ ಸಮನಾಗಿ ಕೂದಲು ಉದುರುತ್ತದೆ, ಚರ್ಮ ತೆಳ್ಳಗಾಗುತ್ತದೆ. ತಂಪಿನಲ್ಲಿ ಮಲಗಿದ್ದರೂ ಏದುಸಿರು ಬಿಡುತ್ತದೆ. ಇವಲ್ಲದೆ ರಕ್ತದ ಒತ್ತಡ ಏರುವುದು, ಸೋಂಕುಗಳು ಮತ್ತೆ ಮತ್ತೆ ಬರುವುದು, ಕೆಲವೊಮ್ಮೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು ಇವು ಈ ವ್ಯಾಧಿಯ ಗಂಭೀರ ಮುಖಗಳು.

ನಿದಾನಕ್ಕಾಗಿ ಎರಡು ಮುಖ್ಯ ಪರೀಕ್ಷೆಗಳಿವೆ. ಎ.ಸಿ.ಟಿ.ಎಚ್. ಚುಚ್ಚುಮದ್ದು ಕೊಟ್ಟು ಕಾರ್ಟಿಸಾಲ್ ಎಷ್ಟು ಏರುತ್ತದೆಂದು ನೋಡುವುದು ಒಂದು. ಅಲ್ಪ ಪ್ರಮಾಣದ ಡೆಕ್ಸಾಮೆಥಸೋನ್ ಕೊಟ್ಟು ನಾಲ್ಕು ಮತ್ತು ಎಂಟು ಗಂಟೆಗಳ ತರುವಾಯ ಕಾರ್ಟಿಸಾಲ್ ತಗ್ಗುತ್ತದೆಯೇ ಎಂದು ನೋಡುವುದು ಇನ್ನೊಂದು. ಬೇರೆ ಕಾಯಿಲೆಯಿಂದ ನರಳುತ್ತಿರುವ ನಾಯಿಯಲ್ಲಿಯೂ ಇವು ತಪ್ಪು ಉತ್ತರ ಕೊಡಬಲ್ಲವು. ಆದ್ದರಿಂದ ಲಕ್ಷಣಗಳಿಲ್ಲದ ನಾಯಿಗೆ ಈ ಪರೀಕ್ಷೆ ಮಾಡಿಸುವುದು ಯುಕ್ತವಲ್ಲ.

ಮೈಟೋಟೇನ್: ಕೀಟನಾಶಕದ ಕುಲದಿಂದ ಬಂದ ಔಷಧಿ

ಈ ವ್ಯಾಧಿಯ ಮೊದಲ ಪರಿಣಾಮಕಾರಿ ಔಷಧಿಯ ಕಥೆ ವಿಚಿತ್ರವಾದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡಿ.ಡಿ.ಟಿ. ಎಂಬ ಕೀಟನಾಶಕ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅದೇ ಕುಲಕ್ಕೆ ಸೇರಿದ ಡಿ.ಡಿ.ಡಿ. ಎಂಬ ಇನ್ನೊಂದು ದ್ರವ್ಯದ ವಿಷಗುಣವನ್ನು ಅಮೆರಿಕೆಯಲ್ಲಿ ನಾಯಿಗಳ ಮೇಲೆ ಪರೀಕ್ಷಿಸಿದಾಗ, ಅವುಗಳ ಅಡ್ರಿನಲ್ ಗ್ರಂಥಿಗಳ ಹೊರಪದರ ಸೊರಗಿ ನಾಶವಾದುದು ಕಂಡುಬಂದಿತು. ನೆಲ್ಸನ್ ಮತ್ತು ವುಡರ್ಡ್ ಎಂಬವರು ೧೯೪೯ರಲ್ಲಿ ಇದನ್ನು ಪ್ರಕಟಿಸಿದರು. ಆರೋಗ್ಯವಂತ ನಾಯಿಗೆ ವಿಷವಾದದ್ದು, ಅಡ್ರಿನಲ್ ಗ್ರಂಥಿ ಮಿತಿಮೀರಿದ ನಾಯಿಗೆ ಮದ್ದಾಗಬಾರದೇಕೆ ಎಂಬ ಆಲೋಚನೆ ಇಲ್ಲಿಂದ ಹುಟ್ಟಿತು. ಆ ದ್ರವ್ಯದ ಸಕ್ರಿಯ ರೂಪವೇ ಮೈಟೋಟೇನ್. ಮನುಷ್ಯರ ಅಡ್ರಿನಲ್ ಅರ್ಬುದಕ್ಕೆ ೧೯೭೦ರಲ್ಲಿ ಅಮೆರಿಕೆಯಲ್ಲಿ ಇದಕ್ಕೆ ಅನುಮತಿ ದೊರೆಯಿತು. ೧೯೭೦ರ ದಶಕದಲ್ಲಿಯೇ ನಾಯಿಗಳ ಕುಷಿಂಗ್ ಚಿಕಿತ್ಸೆಯಲ್ಲಿಯೂ ಇದು ನೆಲೆಗೊಂಡಿತು.

ಮೈಟೋಟೇನ್ ಹೊರಪದರದ ಕಾರ್ಟಿಸಾಲ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಆಲ್ಡೊಸ್ಟೆರೋನ್ ತಯಾರಿಸುವ ಮೇಲ್ಭಾಗವನ್ನು ಸಾಮಾನ್ಯವಾಗಿ ಉಳಿಸುತ್ತದೆ. ಮೊದಲು ಒಂದು ವಾರದಷ್ಟು ಕಾಲ ದಿನವೂ ಆಹಾರದೊಡನೆ ಕೊಟ್ಟು, ಹತೋಟಿ ದೊರೆತ ಮೇಲೆ ವಾರದ ಲೆಕ್ಕದಲ್ಲಿ ಜೀವಮಾನವಿಡೀ ಮುಂದುವರಿಸುವುದು ಕ್ರಮ. ಈ ಮೊದಲ ವಾರದಲ್ಲಿ ಪ್ರಯೋಗಶಾಲೆಗಿಂತ ಮುಖ್ಯವಾದುದು ಮನೆಯವರ ಕಣ್ಣು. ತಟ್ಟೆ ಇಟ್ಟೊಡನೆ ಬಾಚಿ ತಿನ್ನುತ್ತಿದ್ದ ನಾಯಿ ಒಂದು ಬೆಳಗ್ಗೆ ತಟ್ಟೆಯ ಮುಂದೆ ಕ್ಷಣಕಾಲ ತಡೆದು ನಿಂತರೆ, ಅದೇ ಔಷಧಿ ಸಾಕೆಂಬ ಸೂಚನೆ. ಅದನ್ನು ಗಮನಿಸದೆ ಮತ್ತೆರಡು ದಿನ ಕೊಟ್ಟರೆ ಗ್ರಂಥಿ ಪೂರ್ಣ ನಾಶವಾಗಿ, ನಾಯಿ ವಾಂತಿಭೇದಿಯಿಂದ ಕುಸಿದು ಪ್ರಾಣಾಪಾಯಕ್ಕೆ ಈಡಾಗಬಹುದು.

ಟ್ರೈಲೊಸ್ಟೇನ್

ಎರಡನೆಯ ಮುಖ್ಯ ಔಷಧಿ ಟ್ರೈಲೊಸ್ಟೇನ್. ಇದು ಜೀವಕೋಶಗಳನ್ನು ಕೊಲ್ಲುವುದಿಲ್ಲ. ಕಾರ್ಟಿಸಾಲ್ ತಯಾರಿಕೆಗೆ ಬೇಕಾದ ಒಂದು ಕಿಣ್ವವನ್ನು ಕೆಲವು ಗಂಟೆಗಳ ಕಾಲ ತಡೆಹಿಡಿಯುತ್ತದೆ. ಔಷಧಿಯ ಪ್ರಭಾವ ಇಳಿದೊಡನೆ ಕಾರ್ಖಾನೆ ಮತ್ತೆ ಆರಂಭವಾಗುತ್ತದೆ. ಆದ್ದರಿಂದಲೇ ಇದನ್ನು ದಿನಕ್ಕೆ ಒಮ್ಮೆ ಅಥವಾ ಎರಡು ಬಾರಿ ತಪ್ಪದೆ ಆಹಾರದೊಡನೆ ಕೊಡಬೇಕು. ಪ್ರಮಾಣ ಹೆಚ್ಚಾಗಿದ್ದರೆ ಔಷಧಿಯನ್ನು ನಿಲ್ಲಿಸಿದಾಗ ನಾಯಿ ಬಹುತೇಕ ಚೇತರಿಸಿಕೊಳ್ಳುವುದು ಇದರ ದೊಡ್ಡ ಅನುಕೂಲ. ಆದರೂ ಅಪರೂಪವಾಗಿ ಗ್ರಂಥಿಯೇ ನಾಶವಾದ ನಿದರ್ಶನಗಳಿರುವುದರಿಂದ, ಚಿಕಿತ್ಸೆ ಆರಂಭಿಸಿದ ಎರಡು ವಾರಗಳೊಳಗೆ, ಅನಂತರ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಹೀಗೆ ನಿಯತವಾಗಿ ರಕ್ತಪರೀಕ್ಷೆ ಅಗತ್ಯ. ಗರ್ಭಿಣಿಯರು ಈ ಔಷಧಿಯನ್ನು ಮುಟ್ಟಬಾರದೆಂಬ ಎಚ್ಚರಿಕೆಯೂ ಇದೆ. ಬ್ರಿಟನ್ನಿನಲ್ಲಿ ಮೊದಲು ರೂಢಿಗೆ ಬಂದ ಈ ಔಷಧಿಗೆ ೨೦೦೮ರ ಡಿಸೆಂಬರಿನಲ್ಲಿ ಅಮೆರಿಕೆಯೂ ನಾಯಿಗಳ ಚಿಕಿತ್ಸೆಗಾಗಿ ಅನುಮತಿ ನೀಡಿತು.

ಈ ಎರಡು ಔಷಧಿಗಳೂ ಅಡ್ರಿನಲ್ ಗ್ರಂಥಿಯ ಮೇಲೆ ಕೆಲಸ ಮಾಡುತ್ತವೆಯೇ ಹೊರತು ಪಿಟ್ಯೂಟರಿಯ ಗಡ್ಡೆಯನ್ನು ಮುಟ್ಟುವುದಿಲ್ಲ ಎಂಬುದನ್ನು ಮರೆಯಬಾರದು. ಕೆಲವು ನಾಯಿಗಳಲ್ಲಿ ಆ ಗಡ್ಡೆ ಬೆಳೆದು ಮಿದುಳನ್ನು ಒತ್ತಿ, ಮಂಕು, ದಿಕ್ಕುಗೆಟ್ಟ ಅಲೆದಾಟ ಮುಂತಾದ ಲಕ್ಷಣಗಳನ್ನು ತರುತ್ತದೆ. ಗಡ್ಡೆಗೇ ಚಿಕಿತ್ಸೆಯಾಗಬೇಕಾದರೆ ವಿಕಿರಣವೋ ಶಸ್ತ್ರಕ್ರಿಯೆಯೋ ಬೇಕು. ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಪಿಟ್ಯೂಟರಿಯನ್ನೇ ತೆಗೆಯುವ ಶಸ್ತ್ರಕ್ರಿಯೆ ಬಹುಕಾಲದಿಂದ ನಡೆದಿದೆ. ಆದರೆ ಇಂಥ ಸೌಕರ್ಯ ಜಗತ್ತಿನ ಕೆಲವೇ ಕೇಂದ್ರಗಳಲ್ಲಿದೆ.

ಆಯುಷ್ಯದ ಲೆಕ್ಕ

ಹಾಗಾದರೆ ಔಷಧಿ ಪಡೆದ ನಾಯಿ ಎಷ್ಟು ದಿನ ಬದುಕುತ್ತದೆ? ಎರಡು ಔಷಧಿಗಳಲ್ಲಿ ಯಾವುದು ಮೇಲು?

೨೦೦೫ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು ಪಿಟ್ಯೂಟರಿ ಬಗೆಯ ಕುಷಿಂಗ್ ವ್ಯಾಧಿಯಿದ್ದ ೧೪೮ ನಾಯಿಗಳ ದಾಖಲೆಗಳನ್ನು ಪರಿಶೀಲಿಸಿತು. ಬದುಕಿದ ಕಾಲದ ಮಧ್ಯಾಂಕ ಟ್ರೈಲೊಸ್ಟೇನ್ ಪಡೆದವುಗಳಲ್ಲಿ ೬೬೨ ದಿನ, ಮೈಟೋಟೇನ್ ಪಡೆದವುಗಳಲ್ಲಿ ೭೦೮ ದಿನ. ಎಂದರೆ ಎರಡೂ ಸುಮಾರು ಒಂದು ವರ್ಷ ಹತ್ತು ಹನ್ನೊಂದು ತಿಂಗಳು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇವುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಯಾವ ಔಷಧಿ ಎಂಬುದಕ್ಕಿಂತ, ರೋಗ ಪತ್ತೆಯಾದಾಗ ನಾಯಿಯ ವಯಸ್ಸೆಷ್ಟು, ತೂಕವೆಷ್ಟು ಎಂಬುದೇ ಆಯುಷ್ಯದ ಮೇಲೆ ಪರಿಣಾಮ ಬೀರಿತ್ತು. ವಯಸ್ಸಾದ, ಹೆಚ್ಚು ತೂಕದ ನಾಯಿಗಳು ಬೇಗ ತೀರಿಕೊಂಡವು.

೨೦೦೭ರಲ್ಲಿ ಸ್ಪೇನಿನಿಂದ ಬಂದ ಇನ್ನೊಂದು ವರದಿಯಲ್ಲಿ ದಿನಕ್ಕೆ ಎರಡು ಬಾರಿ ಟ್ರೈಲೊಸ್ಟೇನ್ ಪಡೆದವುಗಳ ಮಧ್ಯಾಂಕ ೯೦೦ ದಿನಗಳಾದರೆ, ಮೈಟೋಟೇನಿನಿಂದ ಹೊರಪದರವನ್ನು ಸಂಪೂರ್ಣ ನಾಶಮಾಡಿ ಹಾರ್ಮೋನುಗಳನ್ನು ಹೊರಗಿನಿಂದ ಒದಗಿಸಿದ ನಾಯಿಗಳ ಮಧ್ಯಾಂಕ ೭೨೦ ದಿನ.

ಅಡ್ರಿನಲ್ ಗಡ್ಡೆಯ ಬಗೆಯಲ್ಲಿ ಮುನ್ನೋಟ ಇಷ್ಟು ಆಶಾದಾಯಕವಲ್ಲ. ೨೦೧೧ರ ಅಧ್ಯಯನವೊಂದರಲ್ಲಿ ಟ್ರೈಲೊಸ್ಟೇನ್ ಪಡೆದವುಗಳ ಮಧ್ಯಾಂಕ ೩೫೩ ದಿನ, ಮೈಟೋಟೇನ್ ಪಡೆದವುಗಳದು ೧೦೨ ದಿನ. ನೋಡಲು ಅಂತರ ದೊಡ್ಡದು. ಆದರೆ ನಾಯಿಗಳ ಸಂಖ್ಯೆ ಚಿಕ್ಕದು, ಒಂದೊಂದು ನಾಯಿಗೂ ಇದ್ದ ವ್ಯತ್ಯಾಸ ಬಹಳ. ಆದ್ದರಿಂದ ಆ ಅಂತರವನ್ನು ಔಷಧಿಯ ಫಲವೆಂದು ಖಚಿತವಾಗಿ ಹೇಳಲಾಗಲಿಲ್ಲ. ಗಡ್ಡೆ ಬೇರೆಡೆಗೆ ಹರಡಿತ್ತೇ ಎಂಬುದೇ ಅಲ್ಲಿ ನಿರ್ಣಾಯಕವಾಗಿತ್ತು.

ಇವೆಲ್ಲ ಒಂದು ಔಷಧಿಯನ್ನು ಇನ್ನೊಂದರೊಡನೆ ಹೋಲಿಸಿದ ಲೆಕ್ಕಗಳು. ಔಷಧಿಯನ್ನೇ ಕೊಡದಿದ್ದರೆ? ಈ ಮೂಲಭೂತ ಪ್ರಶ್ನೆಯನ್ನು ೨೦೧೭ರಲ್ಲಿ ಜಪಾನಿನ ಪಶುವೈದ್ಯರು ಎತ್ತಿಕೊಂಡರು. ಪಿಟ್ಯೂಟರಿ ಬಗೆಯ ೪೩ ನಾಯಿಗಳಲ್ಲಿ ಔಷಧಿ ಪಡೆಯದವುಗಳ ಮಧ್ಯಾಂಕ ೫೦೬ ದಿನ. ಟ್ರೈಲೊಸ್ಟೇನ್ ಪಡೆದವುಗಳಲ್ಲಿ ಮಧ್ಯಾಂಕವನ್ನು ಹೇಳುವ ಹಂತವೇ ಬರಲಿಲ್ಲ. ಆಯುಷ್ಯದ ಲೆಕ್ಕದಲ್ಲಿ ಬದುಕುಳಿದವುಗಳ ಪಾಲು ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಔಷಧಿಯು ಲಕ್ಷಣಗಳನ್ನು ತಗ್ಗಿಸುವುದಷ್ಟೇ ಅಲ್ಲ, ಆಯುಷ್ಯವನ್ನೂ ಹೆಚ್ಚಿಸಬಲ್ಲದು ಎಂಬುದಕ್ಕೆ ಇದು ಬೆಂಬಲ ಕೊಟ್ಟಿತು.

ಆದರೆ ೨೦೨೦ರಲ್ಲಿ ಬ್ರಿಟನ್ನಿನ ಸಾಮಾನ್ಯ ಪಶುಚಿಕಿತ್ಸಾಲಯಗಳ ದಾಖಲೆಗಳಿಂದ ಟ್ರೈಲೊಸ್ಟೇನ್ ಪಡೆದ ೨೧೯ ನಾಯಿಗಳನ್ನು ಆರಿಸಿ ನೋಡಿದಾಗ ಮಧ್ಯಾಂಕ ೫೧೦ ದಿನವೆಂದು ಬಂದಿತು. ಜಪಾನಿನಲ್ಲಿ ಔಷಧಿಯಿಲ್ಲದೆ ೫೦೬, ಬ್ರಿಟನ್ನಿನಲ್ಲಿ ಔಷಧಿಯೊಡನೆ ೫೧೦! ಹಾಗಾದರೆ ಔಷಧಿ ನಿಷ್ಪ್ರಯೋಜಕವೇ?

ಲೆಕ್ಕವನ್ನು ಓದುವ ಬಗೆ

ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದ ಹೆಜ್ಜೆಯಿಡಬೇಕು. ಅಂಕಿಗಳು ಸುಳ್ಳು ಹೇಳುವುದಿಲ್ಲ. ಅವುಗಳನ್ನು ತಪ್ಪಾಗಿ ಹೋಲಿಸಿದವನು ಸುಳ್ಳನ್ನು ಕೇಳಿಸಿಕೊಳ್ಳುತ್ತಾನೆ.

ಮೊದಲು ಮಧ್ಯಾಂಕವೆಂದರೇನೆಂದು ತಿಳಿಯಬೇಕು. ಐದು ನಾಯಿಗಳು ಅನುಕ್ರಮವಾಗಿ ೩೦, ೪೦೦, ೬೬೦, ೯೦೦ ಮತ್ತು ೧೯೦೦ ದಿನ ಬದುಕಿದವೆಂದು ಭಾವಿಸೋಣ. ನಡುವಿನ ಸಂಖ್ಯೆ ೬೬೦, ಅದೇ ಮಧ್ಯಾಂಕ. ಇವುಗಳ ಸರಾಸರಿ ೭೭೮. ಒಂದೇ ಒಂದು ದೀರ್ಘಾಯುವಾದ ನಾಯಿ ಸರಾಸರಿಯನ್ನು ಮೇಲಕ್ಕೆಳೆದಿದೆ. ಈ ಕಾರಣದಿಂದಲೇ ಆಯುಷ್ಯದ ಅಧ್ಯಯನಗಳು ಮಧ್ಯಾಂಕವನ್ನು ಬಳಸುತ್ತವೆ. ಆದರೆ ಮಧ್ಯಾಂಕವು ಯಾವುದೇ ಒಂದು ನಾಯಿಯ ಹಣೆಬರಹವಲ್ಲ. ಅರ್ಧ ನಾಯಿಗಳು ಅದಕ್ಕಿಂತ ಕಡಿಮೆ ಬದುಕಿದವು, ಅರ್ಧ ಹೆಚ್ಚು ಬದುಕಿದವು ಎಂಬುದಷ್ಟೇ ಅದರ ಅರ್ಥ. ಮೇಲೆ ಹೇಳಿದ ೨೦೦೫ರ ಅಧ್ಯಯನದಲ್ಲಿಯೇ ಕೆಲವೇ ದಿನಗಳಲ್ಲಿ ಸತ್ತ ನಾಯಿಯೂ ಇತ್ತು, ಐದು ವರ್ಷಕ್ಕೂ ಮೀರಿ ಬದುಕಿದ ನಾಯಿಯೂ ಇತ್ತು.

ಎರಡನೆಯದಾಗಿ, ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು ತೀರ್ಪು ಕೊಡುವಂತಿಲ್ಲ. ಒಂದೆಡೆ ದೊಡ್ಡ ಆಸ್ಪತ್ರೆಗೆ ಬಂದ ನಾಯಿಗಳು, ಇನ್ನೊಂದೆಡೆ ಊರ ಚಿಕಿತ್ಸಾಲಯಕ್ಕೆ ಬಂದ ನಾಯಿಗಳು. ಅವುಗಳ ವಯಸ್ಸು, ತಳಿ, ತೂಕ, ಜತೆಗಿರುವ ಕಾಯಿಲೆ, ಯಜಮಾನನ ಶಕ್ತಿಸಾಮರ್ಥ್ಯ ಎಲ್ಲವೂ ಬೇರೆ. ಒಂದೇ ಅಧ್ಯಯನದೊಳಗೆ, ಒಂದೇ ಬಗೆಯ ನಾಯಿಗಳ ನಡುವೆ ಮಾಡಿದ ಹೋಲಿಕೆಗೆ ಮಾತ್ರ ಬೆಲೆ.

ಮೂರನೆಯದಾಗಿ, ಜಪಾನಿನ ಅಧ್ಯಯನದಲ್ಲಿಯೂ ಯಾವ ನಾಯಿಗೆ ಔಷಧಿ, ಯಾವುದಕ್ಕೆ ಇಲ್ಲ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಔಷಧಿ ಬೇಡವೆಂದ ಯಜಮಾನನು ಇತರ ಆರೈಕೆಯಲ್ಲಿಯೂ ಭಿನ್ನನಾಗಿದ್ದಿರಬಹುದು. ಅಂಥ ಅಂತರದ ಫಲವನ್ನು ಔಷಧಿಯ ಫಲದಿಂದ ಪೂರ್ತಿಯಾಗಿ ಬೇರ್ಪಡಿಸುವುದು ಕಠಿಣ. ಆದ್ದರಿಂದ ಆ ಅಧ್ಯಯನವನ್ನು ಒಳ್ಳೆಯ ಸಾಕ್ಷ್ಯವೆಂದು ಒಪ್ಪಬಹುದು, ಕೊನೆಯ ಮಾತೆಂದು ಒಪ್ಪುವಂತಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಪಾಶ್ಚಾತ್ಯ ದೇಶಗಳಲ್ಲಿ ಇಂಥ ನಾಯಿಗಳಲ್ಲಿ ಹೆಚ್ಚಿನವು ತಾವಾಗಿ ಸಾಯುವುದಿಲ್ಲ. ಇನ್ನು ನೋವು ಬೇಡವೆಂದು ಯಜಮಾನನೂ ವೈದ್ಯನೂ ಸೇರಿ ಚುಚ್ಚುಮದ್ದಿನಿಂದ ದಯಾಮರಣ ಕೊಡುತ್ತಾರೆ. ಹಾಗಾದರೆ ‘ಬದುಕಿದ ದಿನ’ ಎಂಬ ಲೆಕ್ಕ ಕೇವಲ ಗ್ರಂಥಿಯ ಲೆಕ್ಕವಲ್ಲ. ಮನೆಯವರ ತಾಳ್ಮೆ, ಹಣದ ಅನುಕೂಲ, ರಾತ್ರಿ ಎದ್ದು ನೆಲ ಒರೆಸುವ ಕೈಗಳ ಸಹನೆ ಇವೂ ಆ ಅಂಕಿಯೊಳಗೆ ಅಡಗಿವೆ. ನೀರಡಿಕೆ ತಗ್ಗಿ, ರಾತ್ರಿ ನಿದ್ದೆ ಬಂದು, ಮೈಮೇಲೆ ಮತ್ತೆ ಕೂದಲು ಬೆಳೆದ ನಾಯಿಯನ್ನು ಯಾರೂ ಬೇಗ ಕೈಬಿಡುವುದಿಲ್ಲ. ಔಷಧಿಯು ಆಯುಷ್ಯವನ್ನು ಬೆಳೆಸುವ ದಾರಿಗಳಲ್ಲಿ ಇದೂ ಒಂದು.

ಇದಲ್ಲದೆ ಇನ್ನೊಂದು ಅಳತೆಯನ್ನೂ ನೆನಪಿನಲ್ಲಿಡಬೇಕು. ಎರಡು ವರ್ಷ ಮನುಷ್ಯನ ಲೆಕ್ಕದಲ್ಲಿ ಅಲ್ಪಕಾಲ. ಹನ್ನೆರಡು ವರ್ಷ ಬಾಳುವ ಪ್ರಾಣಿಗೆ ಅದು ಇಡೀ ಆಯುಷ್ಯದ ಆರನೆಯ ಒಂದು ಪಾಲು.

ಅಡಿಸನ್ ವ್ಯಾಧಿ: ನಾಣ್ಯದ ಇನ್ನೊಂದು ಮುಖ

ಕಾರ್ಟಿಸಾಲ್ ಹೆಚ್ಚಾದರೆ ಕುಷಿಂಗ್. ಕಾರ್ಟಿಸಾಲ್ ಮತ್ತು ಆಲ್ಡೊಸ್ಟೆರೋನ್ ಬತ್ತಿದರೆ ಅಡಿಸನ್ ವ್ಯಾಧಿ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ನರು ೧೮೫೫ರಲ್ಲಿ ಮನುಷ್ಯರಲ್ಲಿ ಇದನ್ನು ವಿವರಿಸಿದರು. ನಾಯಿಗಳಲ್ಲಿ ಇದು ಹೆಚ್ಚಾಗಿ ಎಳೆಯ ಮತ್ತು ನಡುವಯಸ್ಸಿನ ಹೆಣ್ಣುನಾಯಿಗಳಿಗೆ ಬರುತ್ತದೆ. ಆಗಾಗ ವಾಂತಿ, ನಿಶ್ಶಕ್ತಿ, ಮೇವಿನಲ್ಲಿ ನಿರಾಸಕ್ತಿ, ಮತ್ತೆ ಚೇತರಿಕೆ, ಹೀಗೆ ಬಂದು ಹೋಗುವ ಲಕ್ಷಣಗಳಿಂದ ಅನುಭವಿಗಳನ್ನೂ ಮೋಸಗೊಳಿಸುತ್ತದೆ. ಒಂದು ದಿನ ಸೋಡಿಯಂ ಕುಸಿದು, ಪೊಟ್ಯಾಸಿಯಂ ಏರಿ, ಹೃದಯದ ಬಡಿತ ನಿಧಾನವಾಗಿ ನಾಯಿ ನೆಲಕ್ಕೊರಗುತ್ತದೆ. ಮೂತ್ರಪಿಂಡಗಳು ಕೆಟ್ಟಿವೆಯೆಂದು ತಪ್ಪಾಗಿ ತಿಳಿದು ಆಸೆ ಬಿಡುವ ಸಂಭವ ಇಲ್ಲಿಯೇ ಉಂಟು.

ಆದರೆ ಸಕಾಲದಲ್ಲಿ ಗುರುತಿಸಿ, ರಕ್ತನಾಳದ ಮೂಲಕ ಲವಣಜಲವನ್ನೂ ಹಾರ್ಮೋನನ್ನೂ ಕೊಟ್ಟರೆ ಸಾಯುತ್ತಿದ್ದ ನಾಯಿ ಒಂದೆರಡು ದಿನಗಳಲ್ಲಿ ಎದ್ದು ನಡೆದಾಡುತ್ತದೆ. ಮುಂದೆ ಜೀವಮಾನವಿಡೀ ಅಲ್ಪ ಪ್ರಮಾಣದ ಪ್ರೆಡ್ನಿಸೊಲೋನ್, ಅದರೊಡನೆ ದಿನವೂ ಫ್ಲೂಡ್ರೊಕಾರ್ಟಿಸೋನ್ ಮಾತ್ರೆ ಅಥವಾ ತಿಂಗಳಿಗೊಮ್ಮೆಯಂತೆ ಡೆಸಾಕ್ಸಿಕಾರ್ಟಿಕೊಸ್ಟೆರೋನ್ ಚುಚ್ಚುಮದ್ದು ಬೇಕಾಗುತ್ತದೆ. ೧೯೯೭ರಲ್ಲಿ ಪ್ರಕಟವಾದ ೨೦೫ ನಾಯಿಗಳ ಅಧ್ಯಯನದಲ್ಲಿ ಬದುಕಿದ ಕಾಲದ ಮಧ್ಯಾಂಕ ೪.೭ ವರ್ಷ. ಹತ್ತು ವರ್ಷ ದಾಟಿ ಬದುಕಿದವುಗಳೂ ಇದ್ದವು.

ಸಿಹಿಮೂತ್ರ ಮತ್ತು ಥೈರಾಯಿಡ್ ಕೊರತೆ

ಸಿಹಿಮೂತ್ರ ರೋಗದ ಚರಿತ್ರೆಯಲ್ಲಿ ನಾಯಿಯ ಪಾತ್ರ ಚಿರಸ್ಮರಣೀಯ. ೧೮೮೯ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಫಾನ್ ಮೇರಿಂಗ್ ಮತ್ತು ಮಿಂಕೊವ್‌ಸ್ಕಿ ಎಂಬವರು ನಾಯಿಯ ಮೇದೋಜೀರಕಾಂಗವನ್ನು ತೆಗೆದಾಗ ಅದಕ್ಕೆ ಸಿಹಿಮೂತ್ರ ಬಂದಿತು. ೧೯೨೧ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆಯೇ ಪ್ರಯೋಗಿಸಿ ಇನ್ಸುಲಿನ್ನನ್ನು ಕಂಡುಹಿಡಿದರು. ೧೯೨೨ರಲ್ಲಿ ಅದು ಮನುಷ್ಯರ ಜೀವ ಉಳಿಸಿತು. ಆ ಋಣದ ಒಂದಂಶ ಈಗ ನಾಯಿಗೂ ಸಲ್ಲುತ್ತಿದೆ. ಹಂದಿಯ ಇನ್ಸುಲಿನ್ ರಚನೆಯಲ್ಲಿ ನಾಯಿಯ ಇನ್ಸುಲಿನ್ನನ್ನೇ ಹೋಲುವುದರಿಂದ ಅದು ನಾಯಿಗೆ ಚೆನ್ನಾಗಿ ಒಗ್ಗುತ್ತದೆ. ದಿನಕ್ಕೆ ಎರಡು ಚುಚ್ಚುಮದ್ದು, ನಿಯತವಾದ ಆಹಾರ, ನಿಯತವಾದ ನಡಿಗೆ ಇದ್ದರೆ ನಾಯಿ ವರ್ಷಗಟ್ಟಲೆ ಬಾಳುತ್ತದೆ. ಆದರೂ ಬಹುಪಾಲು ನಾಯಿಗಳಿಗೆ ಕಣ್ಣಿನ ಪೊರೆ ಬರುವುದನ್ನು ತಡೆಯುವುದು ಕಷ್ಟ. ಥೈರಾಯಿಡ್ ಕೊರತೆಯಾದರೋ ಇವೆಲ್ಲಕ್ಕಿಂತ ಸೌಮ್ಯ. ಲೆವೊಥೈರಾಕ್ಸಿನ್ ಮಾತ್ರೆಯನ್ನು ತಪ್ಪದೆ ಕೊಟ್ಟರೆ ಆಯುಷ್ಯ ಬಹುತೇಕ ಸಹಜವಾಗಿಯೇ ಉಳಿಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಿರ್ನಾಳ ಗ್ರಂಥಿಗಳ ವ್ಯಾಧಿ ಬಂದ ನಾಯಿಗೆ ಔಷಧಿ ಇದೆ. ಅದು ಬೇರನ್ನು ಕೀಳದಿದ್ದರೂ ಬಾಳನ್ನು ಹಗುರಮಾಡುತ್ತದೆ. ವ್ಯಾಧಿಯ ಬಗೆ, ನಾಯಿಯ ವಯಸ್ಸು ಮತ್ತು ಮನೆಯವರ ನಿಗಾ ಇವು ಆಯುಷ್ಯವನ್ನು ನಿರ್ಧರಿಸುವುದರಲ್ಲಿ ಔಷಧಿಯ ಹೆಸರಿಗಿಂತ ಮುಖ್ಯವಾಗುತ್ತವೆ. ನೀರಿನ ಬಟ್ಟಲು ಎಷ್ಟು ಬಾರಿ ಬರಿದಾಯಿತು, ತಟ್ಟೆಯ ಅನ್ನ ಎಷ್ಟು ಉಳಿಯಿತು ಎಂಬುದನ್ನು ದಿನವೂ ಗಮನಿಸುವ ಒಬ್ಬ ಬಾಲಕನೋ ಬಾಲಕಿಯೋ ಮನೆಯಲ್ಲಿದ್ದರೆ ಪಶುವೈದ್ಯನಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಬಾಯಿಲ್ಲದ ಪ್ರಾಣಿ ತನ್ನ ನೋವನ್ನು ಹೇಳಲಾರದು. ಹಾರ್ಮೋನು ಎಂಬ ಪದದ ಹುಟ್ಟಿನಿಂದ ಹಿಡಿದು ಇನ್ಸುಲಿನ್ನಿನವರೆಗೆ, ಮೈಟೋಟೇನಿನವರೆಗೆ, ಎಷ್ಟೋ ನಾಯಿಗಳು ತಮ್ಮ ಪ್ರಾಣವನ್ನಿತ್ತು ಈ ಶಾಸ್ತ್ರವನ್ನು ಬೆಳೆಸಿವೆ. ಆ ಶಾಸ್ತ್ರದ ಫಲ ಮನೆಯ ಬಾಗಿಲಲ್ಲಿ ಮಲಗಿರುವ ಮುದಿ ನಾಯಿಗೂ ಸಲ್ಲಬೇಕಾದುದು ನ್ಯಾಯ. “ಎಷ್ಟು ದಿನ ಬದುಕೀತು?” ಎಂಬ ಪ್ರಶ್ನೆಗೆ ವಿಜ್ಞಾನವು ಒಂದು ಮಧ್ಯಾಂಕವನ್ನು ಕೊಡಬಲ್ಲದು. ಆ ದಿನಗಳು ಹೇಗೆ ಕಳೆಯಬೇಕೆಂಬುದು ಅದನ್ನು ಸಾಕಿದ ಮನೆಯ ಕೈಯಲ್ಲಿದೆ.